ಬಸಣ್ಣ ಮಾಮಾನ ಮೇಲೆ ಕೂರಿಸಿದ ಗೂಬೆ

ಬಸಣ್ಣ ಮಾಮಾ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ. ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ, ನೋಡಿ. ನೀವಿದ್ದಾಗ ಬರೆದಿದ್ದರೆ ಕೆಂಪು ಪೆನ್ಸಿಲ್ಲಿನಲ್ಲಿ ಒತ್ತಕ್ಷರ ತಿದ್ದಿ ವಾಪಸು ಕಳಿಸುತ್ತಿದ್ದಿರಿ. ಇನ್ನು ತಿದ್ದುವವರಿಲ್ಲ ಎಂಬ ಧೈರ್ಯದ ಮೇಲೇ ಬರೆಯಲು ಕೂತಿದ್ದೇನೋ ಏನೋ. ಐರೋಳಿಯ ನಮ್ಮ ಮನೆಯ ಬಾಲ್ಕನಿಯಲ್ಲಿದ್ದೇನೆ. ಮಧ್ಯಾಹ್ನ ಮೂರೂವರೆ. ಎದುರಿಗೆ ಖಾಡಿಯ ಹಿನ್ನೀರು ಬಿಸಿಲಲ್ಲಿ ತೂಕಡಿಸುತ್ತಿದೆ. ಅದರಾಚೆ ಥಾಣೆ ಇದೆ ಎಂದು ನಂಬಬೇಕು, ಅಷ್ಟು ಮಬ್ಬು. ಇಂಥದೇ ಹೊತ್ತಿನಲ್ಲಲ್ಲವೇ ಭಾನುವಾರ ಭಾನುವಾರ ನಾವಿಬ್ಬರೂ ಡೊಂಬಿವಲಿಯ ರೈಲು ಹತ್ತುತ್ತಿದ್ದುದು?

ನಿಮ್ಮನ್ನು ಮೊದಲು ಕಂಡದ್ದು ಥಾಣೆಯ ವರ್ತಕ ನಗರದಲ್ಲಿ, ಅಪ್ಪ ಮ್ಯಾನೇಜರಾಗಿದ್ದ ಹೋಟೆಲಿನ ಕೌಂಟರಿನೆದುರು. ನನಗೆ ಆಗ ಹತ್ತೊಂಬತ್ತು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್, ವಿಜಯಪುರದ ಕಡೆಯವರು, ಡೊಂಬಿವಲಿಯ ನಮ್ಮ ಕನ್ನಡ ಸಂಘದ ನಾಟಕಕ್ಕೆ ಪ್ರಾಂಪ್ಟರ್ ಎಂದು ಅಪ್ಪ ನಿಮ್ಮ ಪರಿಚಯ ಹೇಳಿದರು. ನಾಟಕಕ್ಕೆ ಒಬ್ಬ ಹುಡುಗಿ ಬೇಕಾಗಿದ್ದಳು. ಅಪ್ಪ ನನ್ನನ್ನು ನೋಡಿ ನಕ್ಕು, "ಇವಳಿಗೆ ಕನ್ನಡ ಓದ್ಲಿಕ್ಕೆ ಎಲ್ಲಿ ಬರ್ತದೆ ಮಾರಾಯ್ರೆ" ಎಂದರು. ಸುಳ್ಳೇನಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ. ಕನ್ನಡ ನನಗೆ ಊರಿಂದ ಬಂದ ನೆಂಟರು ಮಾತಾಡುವ ಭಾಷೆ, ಕೇಳಿದರೆ ತಿಳಿಯುತ್ತಿತ್ತು, ಅಷ್ಟೇ. ನೀವು ಗ್ಲಾಸಿನ ಚಹಾ ಮುಗಿಸಿ, "ಕಿವಿ ಅದಾವಲ್ರಿ ಆಕಿಗೆ. ಅಕ್ಷರದ ಜವಾಬ್ದಾರಿ ನಂದು" ಎಂದಿರಿ. ಆ ಮಾತನ್ನು ಅಷ್ಟು ಸಲೀಸಾಗಿ ಯಾಕೆ ಹೇಳಿದಿರಿ ಮಾಮಾ? ಆ ಜವಾಬ್ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ಗೊತ್ತಿದ್ದರೆ...

ಮುಂದಿನ ವಾರ ನೀವು ತಂದುಕೊಟ್ಟ ಉದ್ದನೆಯ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. ನನ್ನ ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದಿದ್ದಿರಿ, ಒಂದೊಂದು ಅಕ್ಷರವೂ ಸ್ಟೋರಿನ ಡಬ್ಬಿಗಳಿಗೆ ಅಂಟಿಸುವ ಚೀಟಿಯಷ್ಟು ಸ್ಪಷ್ಟ. ನಮ್ಮ ಸಂಘದಲ್ಲಿ ಯಾರಿಗೂ ಪೂರ್ತಿ ನಾಟಕ ಕೊಡುವ ಪದ್ಧತಿ ಇರಲಿಲ್ಲ. ಅವರವರ ಮಾತು, ಅದರ ಮೇಲೆ ಹಿಂದಿನವರ ಮಾತಿನ ಕೊನೆಯ ಎರಡು ಮೂರು ಪದ, ಅದೇ ಕ್ಯೂ. ಆ ಪದಗಳು ಕಿವಿಗೆ ಬಿದ್ದಾಗ ನಮ್ಮ ಮಾತು ಹೇಳಬೇಕು. ಇಡೀ ನಾಟಕ ಇರುತ್ತಿದ್ದುದು ಒಂದೇ ಪುಸ್ತಕದಲ್ಲಿ, ನಿಮ್ಮ ತೊಡೆಯ ಮೇಲೆ. ಉಳಿದವರು ಆಚೀಚೆ ಕೇಳಿ ಕಥೆ ತಿಳಿದುಕೊಳ್ಳುತ್ತಿದ್ದರು. ನಾನು ಮಾತ್ರ ಹಾಡು ಬಾಯಿಪಾಠ ಮಾಡಿದಂತೆ ಮಾಡಿಕೊಂಡೆ. ಅರ್ಧ ಮಾತಿಗೆ ಅರ್ಥ ಗೊತ್ತಿರಲಿಲ್ಲ, ಕೇಳಲು ನಾಚಿಕೆ.

ರಿಹರ್ಸಲ್ಲಿನ ಆ ಹಾಲ್ ನೆನಪಿದೆಯೇ? ಮರಾಠಿ ಶಾಲೆಯದು, ಭಾನುವಾರ ಖಾಲಿ. ಮೇಲಿನ ವೆಂಟಿಲೇಟರಿನಲ್ಲಿ ಒಂದು ಬಿಳೀ ಮುಖದ ಗೂಬೆ ನಿದ್ದೆ ಮಾಡುತ್ತಿತ್ತು. ಓರೆ ಬಿಸಿಲು ಅದರ ಎದೆಯ ಮೇಲೆ ಬಿದ್ದು, ಅಲ್ಲಿಂದ ಜಾರಿ ಬೆಂಚುಗಳ ಮೇಲೆ ಇಳಿದು, ಕೊನೆಗೆ ನಿಮ್ಮ ಪುಸ್ತಕಕ್ಕೆ ಬರುವಷ್ಟರಲ್ಲಿ ಐದು ಗಂಟೆಯಾಗುತ್ತಿತ್ತು. ನಾವು ಕಿರುಚಿದರೂ ಅತ್ತರೂ ಅದು ಕಣ್ಣು ತೆರೆಯುತ್ತಿರಲಿಲ್ಲ. ವಾಚ್‌ಮನ್ ಬಿದಿರು ಕೋಲು ಹಿಡಿದು ಬಂದು, "ಘುಬಡ್ ಆಹೇ, ಅಶುಭ ಅಸತಂ", ಗೂಬೆ ಅಪಶಕುನ, ಎಂದಾಗ ನೀವು ಕೋಲಿಗೆ ಕೈ ಅಡ್ಡ ಹಿಡಿದಿರಿ. ನಮ್ಮ ಕಡೆ ತಿರುಗಿ, "ರಾತ್ರಿಪಾಳಿ ಮುಗಿಸಿ ಬಂದು ಮಲಗೇತಿ, ಪಾಪ. ಯಾರೂ ಎಬ್ಬಿಸಬ್ಯಾಡ್ರಿ" ಎಂದಿರಿ. ಅಂದಿನಿಂದ ನಾವೆಲ್ಲ ಅದನ್ನು ನೈಟ್ ಶಿಫ್ಟ್ ಎಂದೇ ಕರೆಯುತ್ತಿದ್ದೆವು. ಆ ಹಾಲನ್ನು ನೆನೆದರೆ ಈಗಲೂ ನನಗೆ ನಿದ್ದೆ ತೂಗಿ ಬರುತ್ತದೆ, ಒಳ್ಳೆಯ ನಿದ್ದೆ.

ನೀವು ಪ್ರಾಂಪ್ಟ್ ಮಾಡುವುದನ್ನು ಮೊದಲ ಸಲ ಹತ್ತಿರದಿಂದ ನೋಡಿದ ದಿನ ನನಗೆ ನಾಟಕಕ್ಕಿಂತ ಅದೇ ಚಂದ ಕಂಡಿತು. ಎಡಗಡೆಯ ಪರದೆಯ ಹಿಂದೆ ಸ್ಟೂಲು, ಪೆನ್ನಿನಷ್ಟು ಸಣ್ಣ ಟಾರ್ಚು, ಬಲಗೈ ತೋರುಬೆರಳಿಗೆ ರಬ್ಬರಿನ ಟೋಪಿ. ಸ್ಟೋರಿನಲ್ಲಿ ಚಲನ್ ಕಾಗದ ಎಣಿಸುವಾಗ ಹಾಕಿಕೊಳ್ಳುವಂಥದೇ, ಮೈತುಂಬ ಸಣ್ಣ ಗುಳ್ಳೆ. ಆ ಬೆರಳು ಸೋಕಿದರೆ ಹಾಳೆ ಸದ್ದಿಲ್ಲದೆ ಮಗ್ಗುಲು ಬದಲಿಸುತ್ತಿತ್ತು. "ಮಂದಿಗೆ ಕೇಳಬಾರದು, ಸ್ಟೇಜಿನ ಮ್ಯಾಲ ಇದ್ದಂವಗ ಕೇಳಬೇಕು. ಅದ ಕೆಲಸ" ಎಂದಿರಿ. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲು. ನಿಮ್ಮ ಹೆಸರು ಕರಪತ್ರದ ತೀರ ಕೆಳಗೆ, ಮೈಕಿನವರ ಹೆಸರಿನ ಪಕ್ಕ ಬರುತ್ತಿತ್ತು. ಅದನ್ನು ನೀವು ಓದಿಯೂ ನೋಡುತ್ತಿರಲಿಲ್ಲ.

ಆ ಸಂಜೆಯನ್ನು ಈಗ ಬರೆಯಬೇಕು. ಇಷ್ಟು ಸುತ್ತಿ ಬಂದದ್ದೂ ಅದಕ್ಕೇ. ಎರಡನೆಯ ದೃಶ್ಯ, ನಾನು ಮನೆಯ ಮಗಳು. ನನ್ನ ಅಪ್ಪನ ಪಾತ್ರದವರು "ಇನ್ನು ತಡ ಮಾಡಬೇಡ" ಎಂದರು. ನಾನು "ಬಾಗಿಲು ತೆಗೆದೇ ಇದೆ, ಒಳಗೆ ಬನ್ನಿ" ಎನ್ನಬೇಕು, ಆಗ ಸೋದರಮಾವ ಛತ್ರಿ ಹಿಡಿದು ಪ್ರವೇಶಿಸಬೇಕು. ಸೋದರಮಾವ ಎಂದರೆ ಭಾಸ್ಕರಣ್ಣ, ಡೊಂಬಿವಲಿಯ ಹೋಟೆಲ್ ಮಾಲೀಕರು, ಸಂಘದ ಅಧ್ಯಕ್ಷರು. ಇಡೀ ನಾಟಕದಲ್ಲಿ ಅವರಿಗಿದ್ದುದು ಅದೊಂದೇ ದೃಶ್ಯ, ಅದಕ್ಕಾಗಿ ಬಂಧುಬಳಗವೆಲ್ಲ ಮುಂದಿನ ಸಾಲಿನಲ್ಲಿ. ಆದರೆ ಐದನೆಯ ದೃಶ್ಯದಲ್ಲೂ ನನ್ನ ಕ್ಯೂ "ಇನ್ನು ತಡ ಮಾಡಬೇಡ" ಎಂದೇ ಇತ್ತಲ್ಲ. ಕಥೆ ಗೊತ್ತಿದ್ದವರು ತಪ್ಪುತ್ತಿರಲಿಲ್ಲ. ನಾನು ಕಿವಿಯನ್ನೇ ನಂಬಿದವಳು. "ಅಪ್ಪಾ, ನಾನು ಈ ಮನೆ ಬಿಟ್ಟು ಹೋಗುತ್ತಿದ್ದೇನೆ" ಎಂದುಬಿಟ್ಟೆ.

ಆಗ ಪರದೆಯ ಹಿಂದಿನಿಂದ ನಿಮ್ಮ ದನಿ ಬಂತು. ಬಾಗಿಲು ತೆಗೆದೇ ಇದೆ, ಒಳಗೆ ಬನ್ನಿ. ಒಂದು ಸಲ. ಎರಡು ಸಲ. ಮೂರನೆಯ ಸಲ ಇನ್ನೂ ನಿಧಾನವಾಗಿ, ಮಗುವಿಗೆ ತುತ್ತು ಹಿಡಿದಂತೆ. ನನಗೆ ಕೇಳಿಸಿತು ಮಾಮಾ. ಮೂರೂ ಸಲ ಸರಿಯಾಗಿ ಕೇಳಿಸಿತು. ಹೇಳಿಬಿಟ್ಟಿದ್ದರೆ ಮುಗಿದಿತ್ತು. ಆದರೆ ಹೇಳಿದ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು ಎಂದು ತಿಳಿಯದೆ ನಾನು ಐದನೆಯ ದೃಶ್ಯವನ್ನೇ ಮುಂದುವರಿಸಿದೆ. ಅಪ್ಪನ ಪಾತ್ರದವರು ಹಳೇ ಹುಲಿ, ನನ್ನ ಹಿಂದೆಯೇ ಜಿಗಿದು ದಡ ಸೇರಿಸಿದರು. ನಾಟಕ ಎಷ್ಟು ಬೇಗ ಮುಗಿಯಿತೆಂದರೆ ಹೊರಗೆ ಚಹಾ ಇನ್ನೂ ಒಲೆಯ ಮೇಲಿತ್ತು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಭಾಸ್ಕರಣ್ಣ ಮೀಸೆ ಅಂಟಿಸಿಕೊಂಡು ಛತ್ರಿ ಹಿಡಿದು ಬಾಗಿಲ ಹಿಂದೆ ನಿಂತೇ ಇದ್ದರು.

ಗ್ರೀನ್ ರೂಮಿನಲ್ಲಿ ಅವರ ದನಿ ಇನ್ನೂ ನನ್ನ ಕಿವಿಯಲ್ಲಿದೆ. "ನನ್ನ ಸೀನ್ ನುಂಗಿದ್ದು ಯಾರು? ಈಗ ಹೇಳ್ಬೇಕು" ಎಂದು ಛತ್ರಿಯನ್ನು ನೆಲಕ್ಕೆ ಕುಟ್ಟಿದರು. ಎಲ್ಲರೂ ನನ್ನನ್ನು ನೋಡಿದರು. ನನ್ನ ಬಾಯಿಂದ ಕನ್ನಡ ಹೊರಡಲಿಲ್ಲ. "ಪ್ರಾಂಪ್ಟ್ ಗಲತ್ ಆಯಾ" ಎಂದೆ, ಹೇಳಿಕೊಟ್ಟದ್ದೇ ತಪ್ಪು ಎಂದು. ನೀವು ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಿರಿ, ಬೆರಳಿನ ಟೋಪಿ ಇನ್ನೂ ತೆಗೆದಿರಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿದಿರಿ. ಆಮೇಲೆ, "ಹೌದ್ರಿ. ಎರಡು ಹಾಳಿ ಕೂಡಿ ತಿರುಗಿದ್ವು. ತಪ್ಪು ನಂದ" ಎಂದಿರಿ. ನಾಟಕ ನೋಡಲು ಬಂದಿದ್ದ ನಿಮ್ಮ ಹೆಂಡತಿ ಶಾಂತಕ್ಕ ಅಲ್ಲೇ ಇದ್ದರು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಿಮ್ಮ ಮ್ಯಾಲ ಗೂಬಿ ಕೂಡಸಾಕತ್ತಾರ, ನೀವು ಹೌದ್ರಿ ಅಂತೀರಿ?" ಎಂದರು. ನೀವು ಚಹಾ ತರಲು ಹೋದಿರಿ.

ಮುಂದಿನ ಭಾನುವಾರ ನಾವಿಬ್ಬರೂ ಬಾಡಿಗೆಯ ಸೀರೆ ಪೇಟಗಳನ್ನು ಡೊಂಬಿವಲಿಗೆ ವಾಪಸು ಕೊಡಲು ಹೋಗಿದ್ದೆವು. ಅಷ್ಟರೊಳಗೆ ಕಮಿಟಿ ಕೂತು, ಬರುವ ವರ್ಷದಿಂದ ಬೇರೆ ಪ್ರಾಂಪ್ಟರ್ ಎಂದು ಗೊತ್ತು ಮಾಡಿತ್ತು. ನೀವು ಅದನ್ನು ನನಗೆ ಹೇಳಿದ್ದು ಹವಾಮಾನ ಹೇಳಿದಂತೆ. ವಾಪಸು ಬರುವಾಗ ಥಾಣೆಯ ಫಾಸ್ಟ್ ಲೋಕಲ್ ಸಿಕ್ಕಿತು, ಕಿಟಕಿಯ ಸೀಟೂ ಸಿಕ್ಕಿತು. ಸೂರ್ಯ ಇಳಿಯುತ್ತಿದ್ದ, ದಿವಾ ಸ್ಟೇಷನ್ನಿನ ಕಡೆಯ ಗದ್ದೆಯ ನೀರೆಲ್ಲ ತಾಮ್ರ. ನಾನು ಕೇಳಿದೆ, "ಮಾಮಾ, ಗೂಬೆ ಕೂಡಿಸೋದು ಅಂದ್ರೆ ಏನು?"

ಅಣಕಕ್ಕೆ ಕೇಳಿದ್ದಲ್ಲ, ನಂಬಿ. ಆ ಮಾತು ನನಗೆ ಗೊತ್ತೇ ಇರಲಿಲ್ಲ. ಶಾಂತಕ್ಕ ಹೇಳಿದಾಗ ವೆಂಟಿಲೇಟರಿನ ನೈಟ್ ಶಿಫ್ಟ್ ನೆನಪಾಗಿ, ಇದೇನೋ ಮುದ್ದಿನ ಮಾತಿರಬೇಕು ಎಂದುಕೊಂಡಿದ್ದೆ. ನೀವು ನನ್ನ ಮುಖ ನೋಡಿ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಾಳೆ ಎಂದು ಗೊತ್ತುಮಾಡಿಕೊಂಡು, ಕಿಟಕಿಯ ಕಡೆ ತಿರುಗಿ ನಕ್ಕಿರಿ. "ನೀವು ಹುಡುಗರು ಏನೋ ಅಂತೀರಲ್ಲ, ಬಿಲ್ ಫಾಡೂದು ಅಂತ?" ಎಂದಿರಿ.

"ಮೇರೆ ನಾಮ್ ಪೆ ಬಿಲ್ ಮತ್ ಫಾಡ್," ಎಂದೆ ನಾನು. ಅಪ್ಪನ ಹೋಟೆಲಿನ ಹುಡುಗರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಯಾರೋ ತಿಂದದ್ದಕ್ಕೆ ನನ್ನ ಹೆಸರಲ್ಲಿ ಚೀಟಿ ಹರಿಯಬೇಡ, ಅಂದರೆ ನಿನ್ನ ತಪ್ಪನ್ನು ನನ್ನ ಮೇಲೆ ಹಾಕಬೇಡ.

"ಹಾಂ, ಅದ. ಮುಂಬೈಯಾಗ ಬಿಲ್ಲು ಹರೀತಾರ, ನಮ್ಮ ಕಡೆ ಗೂಬಿ ಕೂಡಸ್ತಾರ. ಖರೇ ಅಂದ್ರ ಬಿಲ್ಲು ಬೇಸಿ. ಹರದು ಒಗದ್ರ ಮುಗೀತು. ಗೂಬಿ ಎದ್ದು ಹೋಗಂಗಿಲ್ಲ, ಅಲ್ಲೇ ಕೂತು ನೋಡಿಕೋತ ಇರತೈತಿ."

ಆಮೇಲೆ ಅದರ ಮೂಲ ಹೇಳಿದಿರಿ. ನಿಮ್ಮ ದನಿ ಪ್ರಾಂಪ್ಟ್ ಮಾಡುವಾಗಿನಷ್ಟೇ ಮೆಲ್ಲಗಿತ್ತು, ನಾನು ಮುಂದಕ್ಕೆ ಬಾಗಿ ಕೇಳಿದೆ. "ಮನಿ ಮ್ಯಾಲ ಗೂಬಿ ಬಂದು ಕೂತ್ರ ಆ ಮನಿ ಬಿಡಬೇಕು ಅಂತಿತ್ತು ನಮ್ಮಲ್ಲಿ. ಬಾಗಲಿಗೆ ಮುಳ್ಳ ಹಚ್ಚಿ ಮೂರು ತಿಂಗಳೋ ಆರು ತಿಂಗಳೋ ಹೊರಗ ಇರೂದು. ಆಮ್ಯಾಲ ಶಾಂತಿ ಮಾಡಿಸಿ ಒಳಗ ಹೋಗೂದು." ಇಲ್ಲಿ ಬಂದು ಕೂತರೆ ಏನು ಮಾಡುವುದು ಎಂದು ನಾನು ಕೇಳಿದೆ. "ಇಲ್ಲಿ ಎಲ್ಲಿಗೆ ಹೋಗ್ತಿ? ಇರೂದ ಒಂದ ಖೋಲಿ. ಗೂಬಿಗೇ ಥೋಡಾ ಸರ್ಕೋ ಅನ್ನಬೇಕು," ಎಂದು ಮೂವರ ಬೆಂಚಿನಲ್ಲಿ ಜರುಗಿ, ನಿಂತಿದ್ದವರಿಗೆ ನಾಲ್ಕನೆಯ ಸೀಟು ಮಾಡಿಕೊಡುತ್ತ ಹೇಳಿದಿರಿ. ಇಬ್ಬರೂ ನಕ್ಕೆವು.

"ಆದ್ರ ಯವ್ವಾ, ಗೂಬಿ ಕೂತದ್ದನ್ನ ನೋಡಿದವರು ಯಾರು? ಮನಿ ಮಂದಿ ಮಲಗಿರತಾರ. ನೋಡೀನಿ ಅಂತ ಹೇಳಂವಾ ಒಬ್ಬನ ಇರತಾನ. ಯಾರ ಮ್ಯಾಲರೆ ಸಿಟ್ಟಿದ್ರ ಮುಂಜಾನೆ ಎದ್ದು, ನಿಮ್ಮ ಮಾಳಿಗಿ ಮ್ಯಾಲ ಗೂಬಿ ಕೂತಿತ್ತು ಅಂದುಬಿಟ್ರ ಆತು. ಇಲ್ಲ ಅಂತ ಹ್ಯಾಂಗ ತೋರಸ್ತಿ? ಬಾರದ ಗೂಬಿನ್ನ ಕೂಡಿಸಿದಂಗ. ಆ ಮಾತು ಅಲ್ಲಿಂದ ಬಂದಿರಬೇಕು ಅಂತ ನನ್ನ ತಿಳುವಳಿಕಿ. ಓದಿದವರು ಬ್ಯಾರೆ ಏನರೆ ಹೇಳಬಹುದು." ಮತ್ತೆ ಹೇಳಿದಿರಿ. "ನಮ್ಮ ಅವ್ವನ ಮ್ಯಾಲ ಹಂಗ ಕೂಡಿಸಿದ್ರು. ಅಪ್ಪ ತೀರಿಕೊಂಡ ವರ್ಷ. ಗೂಬಿ ಕೂತದ್ದು ಆಕಿಗೆ ಗೊತ್ತಿತ್ತು, ಮುಚ್ಚಿಟ್ಲು, ಅದಕ್ಕ ಗಂಡ ಹ್ವಾದ ಅಂದ್ರು. ಮೂರು ತಿಂಗಳ ಮಟ್ಟಿಗೆ ಅಂತ ಒಂದು ಟ್ರಂಕ್ ಹಿಡಕೊಂಡು ಇಲ್ಲಿ ಕಲ್ಯಾಣಕ್ಕ ಬಂದಿವಿ. ಇನ್ನೂ ಆ ಮೂರು ತಿಂಗಳು ಮುಗಿದಿಲ್ಲ ನೋಡು."

ಅಷ್ಟರಲ್ಲಿ ರೈಲು ಪಾರ್ಸಿಕ್ ಸುರಂಗಕ್ಕೆ ನುಗ್ಗಿತು. ಡಬ್ಬಿಯ ದೀಪಗಳು ಮಂಕಾದವು, ಗದ್ದಲದಲ್ಲಿ ಮಾತು ನಿಂತಿತು. ಆ ಕತ್ತಲಲ್ಲಿ ನನಗೆ ಹೊಳೆಯಿತು. ನಾನು ಯಾರಿಗೆ ಯಾವ ಪ್ರಶ್ನೆ ಕೇಳಿದೆ, ಯಾರ ಬಾಯಿಂದ ಅರ್ಥ ಹೇಳಿಸಿಕೊಂಡೆ. ಮುಖ ಬಿಸಿಯಾಯಿತು. ಸುರಂಗ ಮುಗಿಯದಿರಲಿ ಎಂದು ದೇವರನ್ನು ಕೇಳಿಕೊಂಡೆ, ಆ ಸುರಂಗವಾದರೂ ಎಷ್ಟು ಉದ್ದ. ಬೆಳಕಿಗೆ ಬಂದಾಗ ನೀವು ಕಣ್ಣು ಮುಚ್ಚಿ ಸೀಟಿಗೊರಗಿದ್ದಿರಿ. ಕಣ್ಣು ತೆರೆಯದೆಯೇ, "ಗೂಬಿದೇನು ತಪ್ಪು ಹೇಳು, ಅದು ಇಲಿ ಹುಡುಕ್ಕೋತ ಬಂದಿರತೈತಿ" ಎಂದಿರಿ. ಥಾಣೆ ಬಂತು, ಇಳಿದೆವು.

ನೀವು ಸಂತರಂತೆ ಎಲ್ಲ ಮರೆತಿರಿ ಎಂದು ನಾನು ಯಾರ ಹತ್ತಿರವೂ ಹೇಳುವುದಿಲ್ಲ, ಯಾಕೆಂದರೆ ಮರೆತಿರಲಿಲ್ಲ. ಒಂದು ತಿಂಗಳ ಮೇಲೆ ಹೋಟೆಲಿಗೆ ಬಂದು ಕೌಂಟರಿನ ಮೇಲೆ ಒಂದು ಅಂಕಲಿಪಿ ಪುಸ್ತಕ ಎಸೆದಂತೆ ಇಟ್ಟಿರಿ. "ಕಲಿ. ಇನ್ನ ಮ್ಯಾಲ ನಾ ಬರಕೊಡಂಗಿಲ್ಲ" ಎಂದಿರಿ. ಚಹಾ ಕುಡಿಯದೆ ಹೋದಿರಿ. ನಿಮಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ, ಮತ್ತು ಸತ್ಯ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಹಟ ಹಿಡಿದು ಕಲಿತೆ. ಕಾಗುಣಿತದ ಪುಟದಲ್ಲಿ ಗೂ ಅಕ್ಷರದ ಪಕ್ಕ ದುಂಡು ಕಣ್ಣಿನ ಚಿತ್ರವಿತ್ತು. ಆ ಪುಟವನ್ನು ಎಷ್ಟೋ ದಿನ ಮುಚ್ಚಿಯೇ ಇಟ್ಟಿದ್ದೆ. ನಾನೊಬ್ಬಳೇ ಓದಿದ ಮೊದಲ ವಾಕ್ಯ ಅಪ್ಪನ ತಲೆಯ ಮೇಲೆ ನೇತಾಡುತ್ತಿದ್ದ ಕ್ಯಾಲೆಂಡರಿನದು, ಪಂಚಮಿಯ ದಿನ ಹೋಟೆಲಿಗೆ ರಜೆ ಎಂದೇನೋ ಇತ್ತು. ನಿಮಗೆ ಫೋನ್ ಮಾಡಿ ಓದಿ ಹೇಳಿದೆ. "ರ ಒತ್ತಿ ಹೇಳು" ಎಂದಿರಿ.

ಅಂಬರನಾಥದ ನಿಮ್ಮ ಮಗನ ಫ್ಲಾಟಿಗೆ ನಾನು ಎಷ್ಟು ಸಲ ಬಂದೆ? ರಿಟೈರಾದ ಮೇಲೆ ನೀವು ಕಿಟಕಿಯ ಹತ್ತಿರ ಕೂತು ಸಂಜೆ ಆ ಹಳೇ ಶಿವನ ಗುಡಿಯ ಕಡೆ ನೋಡುತ್ತಿದ್ದಿರಿ. ಪ್ರತಿ ಸಲ ರೈಲಿನಲ್ಲಿ ಮಾತು ಜೋಡಿಸಿಕೊಂಡು ಬರುತ್ತಿದ್ದೆ. "ಮಾಮಾ, ಆವತ್ತು ನಾಟಕದ ದಿನ..." ಎನ್ನುವಷ್ಟರಲ್ಲಿ ನೀವು ಶಾಂತಕ್ಕನನ್ನು ಕೂಗಿ ಚಹಾ ಇಡಲು ಹೇಳುತ್ತಿದ್ದಿರಿ, ಇಲ್ಲವೇ ನನ್ನ ಮಗನಿಗೆ ಕನ್ನಡ ಬರುತ್ತದೋ ಎಂದು ಕೇಳುತ್ತಿದ್ದಿರಿ. ಬೇಕೆಂದೇ ತಪ್ಪಿಸುತ್ತಿದ್ದಿರಾ? ಅಥವಾ ನಾನೇ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳುತ್ತಿದ್ದೆನಾ? ನಿಮ್ಮ ಮೇಲೆ ನನಗೆ ಸಿಟ್ಟಿದೆ ಮಾಮಾ. ಆ ದಿನ ಒಂದು ಬೈಗುಳ ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ನೀವು ಹೌದ್ರಿ ಎಂದಿರಿ, ನಾನು ಹದಿನೆಂಟು ವರ್ಷ ಹೊತ್ತೆ. ಹೀಗೆ ಹೇಳುವುದೂ ನಿಮ್ಮ ಮೇಲೆ ಇನ್ನೊಂದನ್ನು ಕೂರಿಸಿದಂತೆಯೇ, ಗೊತ್ತು.

ಈ ವರ್ಷ ಮಳೆಗೆ ಮೊದಲು ನೀವು ಹೋದಿರಿ. ಮಧ್ಯಾಹ್ನ ಊಟವಾಗಿ ಮಲಗಿದವರು ಏಳಲಿಲ್ಲ ಎಂದರು. ಸಂಘದವರು ಡೊಂಬಿವಲಿಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ನಿಮ್ಮ ಫೋಟೋಗೆ ಮಲ್ಲಿಗೆ ಹಾರ, ಮೊದಲ ಸಾಲಿನಲ್ಲಿ ಶಾಂತಕ್ಕ. ಹೊಸ ಕಾರ್ಯದರ್ಶಿ, ನಿಮ್ಮನ್ನು ಸರಿಯಾಗಿ ಕಾಣದ ಹುಡುಗ, ಪ್ರೀತಿಯಿಂದಲೇ ಮಾತಾಡಿದ. "ಇಪ್ಪತ್ತೆರಡು ವರ್ಷ ಸೇವೆ ಮಾಡಿದ್ರು. ಒಂದ್ಸಲ ಪಾಪ, ಎರಡು ಹಾಳೆ ಒಟ್ಟಿಗೆ ತಿರುಗಿ ಅಧ್ಯಕ್ಷರ ಸೀನೇ ಹೋಯ್ತಂತೆ" ಎಂದ. ಸಭೆ ಮೆತ್ತಗೆ ನಕ್ಕಿತು. ಅಂಥ ನಗುವಿನಲ್ಲಿ ಯಾರ ತಪ್ಪೂ ಇಲ್ಲ. ಶಾಂತಕ್ಕ ಮಾತ್ರ ನಗಲಿಲ್ಲ. ಹಾರದೊಳಗಿನಿಂದ ನೀವು ಆ ಬಾಗಿಲಲ್ಲಿ ನಿಂತು ನೋಡಿದಂತೆಯೇ ನೋಡುತ್ತಿದ್ದಿರಿ.

ನಾನು ಎದ್ದೆ. ಮೈಕಿನವರೆಗೆ ಹೇಗೆ ಹೋದೆನೋ, ನೆಲ ಕಾಲಿಗೆ ಹತ್ತುತ್ತಿರಲಿಲ್ಲ, ಕನಸಿನಲ್ಲಿ ನಡೆದಂತಿತ್ತು. ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತಿತ್ತು, ಎಡಗಡೆಯ ಪರದೆಯ ಹಿಂದೆ ಯಾರೂ ಇರಲಿಲ್ಲ. ಕನ್ನಡದಲ್ಲೇ ಹೇಳಿದೆ. "ಹಾಳೆ ತಿರುಗಲಿಲ್ಲ. ನಾನು ತಪ್ಪಿದ್ದು. ಮಾಮಾ ಮೂರು ಸಲ ಸರಿಯಾಗಿ ಹೇಳಿಕೊಟ್ಟರು, ನನಗೆ ಕೇಳಿಸಿತ್ತು. ಕೇಳಿಸಿಯೂ ಅವರ ಮೇಲೆ ಹಾಕಿದೆ." ಏನು ಕೇಳಿಸಿತ್ತು ಎಂದು ಯಾರೂ ಕೇಳಿರಲಿಲ್ಲ, ಆದರೂ ಹೇಳಿದೆ. "ಬಾಗಿಲು ತೆಗೆದೇ ಇದೆ, ಒಳಗೆ ಬನ್ನಿ."

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಭಾಸ್ಕರಣ್ಣ. ಎಂಬತ್ತು ದಾಟಿದೆ, ಎರಡೂ ಮೊಣಕಾಲು ಹೋಗಿವೆ. ಕೋಲು ಊರಿ ಎದ್ದು ನಿಂತು, ಇಡೀ ಹಾಲಿಗೆ ಕೇಳುವಂತೆ, "ಈ ಛತ್ರಿ ಎಲ್ಲಿಡಲಿ ತಾಯಿ?" ಎಂದರು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ, ಅದು ಸೋದರಮಾವ ಒಳಗೆ ಬಂದು ಹೇಳಬೇಕಿದ್ದ ಮೊದಲ ಮಾತು ಎಂದು ಹೊಳೆದು ಹಳಬರೆಲ್ಲ ನಗತೊಡಗಿದರು, ನಾನು ಅಳತೊಡಗಿದೆ. ನಗು ನಿಂತ ಮೇಲೆ ಅವರು ಕೂರದೆ ಹೇಳಿದರು, "ಇನ್ನೊಂದು ಹೇಳುದುಂಟು. ಆವತ್ತು ನನಗೆ ನೆನಪಿದ್ದದ್ದು ಇದೊಂದೇ ಲೈನ್. ಮುಂದಿನದ್ದು ಒಂದಕ್ಷರವೂ ಇರಲಿಲ್ಲ. ಸೀನ್ ಹೋದ್ದು ನೋಡಿ ಒಳಗಿಂದೊಳಗೆ ದೇವರಿಗೆ ಕೈ ಮುಗಿದಿದ್ದೆ. ಮತ್ತೆ ಅಷ್ಟು ಬೊಬ್ಬೆ ಯಾಕೆ ಹಾಕಿದೆನೋ, ನನಗೇ ನಾಚಿಕೆ ಆಗ್ತದೆ." ನಿಮ್ಮ ಫೋಟೋದ ಕಡೆ ತಿರುಗಿ, "ಬಸಣ್ಣನಿಗೆ ಅದೂ ಗೊತ್ತಿತ್ತು ಅಂತ ಕಾಣ್ತದೆ. ರಿಹರ್ಸಲಲ್ಲಿ ನನಗೆ ಪ್ರತಿ ಲೈನ್ ಹೇಳಿಕೊಟ್ಟದ್ದು ಅವನೇ ಅಲ್ವಾ" ಎಂದರು. ಗೊತ್ತಿತ್ತಾ ಮಾಮಾ? ನಮ್ಮಿಬ್ಬರ ಗುಟ್ಟನ್ನೂ ಬಗಲಲ್ಲಿಟ್ಟುಕೊಂಡು ಚಹಾ ತರಲು ಹೋಗಿದ್ದಿರಾ?

ಸಭೆ ಮುಗಿದ ಮೇಲೆ ಶಾಂತಕ್ಕನ ಹತ್ತಿರ ಹೋಗಲು ಕಾಲು ಬರಲಿಲ್ಲ. ಅವರೇ ಬಂದರು. ಅಪ್ಪಿಕೊಳ್ಳಲಿಲ್ಲ. "ಹದಿನೆಂಟು ವರ್ಷ ಬೇಕಾತೇನು?" ಎಂದರು. ತಲೆ ತಗ್ಗಿಸಿದೆ. "ನನಗ ಆವತ್ತ ಗೊತ್ತಿತ್ತು ಬಿಡು. ಅವರ ಕೈಯಾಗ ಎರಡು ಹಾಳಿ ಕೂಡಿ ತಿರುಗೂದಂದ್ರೇನು? ಬೆರಳಿಗೆ ರಬ್ಬರ್ ಟೊಪ್ಪಿಗಿ ಇತ್ತು. ಅಷ್ಟು ಮಂದಿಯಾಗ ಯಾರೂ ಅದನ್ನ ನೋಡಲಿಲ್ಲ." ಅವರು ಚೀಲದೊಳಗಿಂದ ಒಂದು ಡಬ್ಬಿ ತೆಗೆದರು. ನಿಮ್ಮ ಪೆನ್ ಟಾರ್ಚು, ಆ ನಾಟಕದ ಪುಸ್ತಕ, ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರಿನ ಟೋಪಿ. "ಒಗಿಯೋಣ ಅಂತ ತಂದಿದ್ದೆ. ತಗೋ" ಎಂದು ನನ್ನ ಕೈಗೆ ಹಾಕಿ, ತಿರುಗಿ ನೋಡದೆ ಮಗನ ಜೊತೆ ರಿಕ್ಷಾ ಹತ್ತಿದರು. ಅವರು ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ತಿಳಿಯದು. ಕೇಳಲೂ ಇಲ್ಲ.

ನಿಮಗೆ ಗೊತ್ತಿಲ್ಲದ ಸುದ್ದಿ ಕೆಲವಿವೆ. ಆ ಶಾಲೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತಿದ್ದಾರೆ, ನೈಟ್ ಶಿಫ್ಟ್ ಎಲ್ಲಿಗೆ ಹೋಯಿತೋ. ಫಾಸ್ಟ್ ಲೋಕಲ್ಲುಗಳು ಈಗ ಪಾರ್ಸಿಕ್ ಸುರಂಗದಲ್ಲಿ ಹೋಗುವುದಿಲ್ಲ, ಹೊರಗಿನ ಹೊಸ ಹಳಿಯ ಮೇಲೆ ಬೆಳಕಿನಲ್ಲೇ ಹೋಗುತ್ತವೆ. ಮುಖ ಬಚ್ಚಿಡಲು ಕತ್ತಲೆ ಸಿಗುವುದಿಲ್ಲ. ಸಂಘ ಈ ಸಲ ಅದೇ ನಾಟಕ ಆಡುತ್ತಿದೆ, ಭಾಸ್ಕರಣ್ಣನದೇ ಹಟ. ಅವರ ಪಾತ್ರಕ್ಕೆ ಅವರ ಅಳಿಯ. ಮಗಳ ಪಾತ್ರಕ್ಕೆ ಥಾಣೆ ಪಕ್ಕದ ಕಳವಾ ಊರಿನ ಒಬ್ಬ ಹುಡುಗಿ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ದೇವನಾಗರಿಯಲ್ಲಿ ಬರೆದುಕೊಟ್ಟಿದ್ದೇನೆ, ಜೊತೆಗೆ ಪೂರ್ತಿ ಕಥೆಯನ್ನೂ ಹೇಳಿದ್ದೇನೆ, ಎರಡು ಸಲ. ಎಡಗಡೆಯ ಸ್ಟೂಲಿನ ಮೇಲೆ ನಾನು ಕೂರುತ್ತೇನೆ. ಅದರ ಒಂದು ಕಾಲು ಗಿಡ್ಡ ಎಂದು ನೀವು ಒಂದು ದಿನವೂ ಹೇಳಿರಲಿಲ್ಲ.

ನಿನ್ನೆ ರಿಹರ್ಸಲ್ಲಿನಲ್ಲಿ ಅವಳು ಅಲ್ಲೇ ತಪ್ಪಿದಳು, "ಇನ್ನು ತಡ ಮಾಡಬೇಡ" ಎಂಬಲ್ಲಿ. ತಪ್ಪಿದವಳೇ ಹೆದರಿ ನನ್ನ ಕಡೆ ನೋಡಿದಳು. ಮೂರು ಸಲ ಹೇಳಿಕೊಟ್ಟೆ, ಮೂರನೆಯದನ್ನು ನಿಮ್ಮ ಹಾಗೆಯೇ ನಿಧಾನವಾಗಿ. ಹೇಳಿದಳು. ಬಾಗಿಲು ತೆರೆಯಿತು, ಅಳಿಯ ಛತ್ರಿ ಹಿಡಿದು ಒಳಗೆ ಬಂದ. ನಿಮ್ಮ ರಬ್ಬರ್ ಟೋಪಿ ನನ್ನ ಬೆರಳಿಗೆ ಸ್ವಲ್ಪ ದೊಡ್ಡದು, ಒಳಗೆ ಅರಿವೆಯ ಚೂರು ಸುತ್ತಿಕೊಂಡಿದ್ದೇನೆ. ಪ್ರಯೋಗದ ದಿನ ಯಾರು ತಪ್ಪಿದರೂ ಯಾರ ತಪ್ಪೋ ಅವರದೆಂದೇ ಹೇಳುತ್ತೇನೆ, ನನ್ನದಾದರೆ ಮೊದಲು ನನ್ನದೆಂದು. ಹಾಳೆ ಒಂದೊಂದೇ ತಿರುಗಿಸುತ್ತೇನೆ ಮಾಮಾ.

ನಿಮ್ಮ
ಶಾಲಿನಿ